ಅಮ್ಮನ ದೊಡ್ಡ ಚಮಚ

ಅಣ್ಣನಿಗೆ,

ಅಪ್ಪನ ಬಟ್ಟೆಗಳನ್ನು ಪೊಲೀಸರು ನಿನ್ನೆ ಕೊಟ್ಟರು. ಅಂಗಿಯ ಬೆನ್ನಿಗೆ ಗಾಳವೊಂದು ಸಿಕ್ಕಿಕೊಂಡಿತ್ತು. "ನಿಮ್ಮಪ್ಪಂದೇ ಇರ್ಬೇಕು" ಎಂದರು. ನಾನು ಹೂಂಗುಟ್ಟಿದೆ.

ಅದು ಅಪ್ಪ ಮುಳುಗಿದ ದಿನ ಬೆಳಿಗ್ಗೆ ನಾನು ನಿನಗೆ ಮಾಡಿಕೊಟ್ಟದ್ದು. ಅಮ್ಮನ ಚಮಚದ ಹಿಡಿ ಕತ್ತರಿಸಿ ತೆಗೆದು, ಉಳಿದ ಗುಂಡಿ ಭಾಗಕ್ಕೆ ಕೊಕ್ಕೆ ಸಿಕ್ಕಿಸಿ, ಮರಿಮೀನಿನಂತೆ ಹೊಳೆಯುವವರೆಗೆ ಉಜ್ಜಿದ್ದೆ. ನೀನೋ, ಅಂದು ಸಮುದ್ರದ ಕಡೆ ತಲೆಯೇ ಹಾಕಿಲ್ಲ ಎಂದಿದ್ದೆ.

ಗಾಳದಲ್ಲಿ ಗೇಣುದ್ದ ನೈಲಾನ್ ದಾರ ಉಳಿದಿದೆ. ಎಳೆತಕ್ಕೆ ತುಂಡಾದರೆ ತುದಿ ಸುರುಟಿಕೊಳ್ಳುತ್ತದೆ, ನಿನಗೇ ಗೊತ್ತು. ಇದರ ತುದಿ ನೇರವಾಗಿದೆ; ಚಾಕುವಿನಲ್ಲಿ ಕೊಯ್ದದ್ದು.

ಅಮ್ಮ ಬೆಳಿಗ್ಗೆಯಿಂದ ಅಡುಗೆಮನೆ ಜಾಲಾಡುತ್ತಿದ್ದಾಳೆ. "ನನ್ನ ದೊಡ್ಡ ಚಮಚ ಎಲ್ಲಿ ಹೋಯ್ತೇ?" ಅಂತ ನನ್ನನ್ನೇ ಕೇಳುತ್ತಾಳೆ. ಭಾನುವಾರ ಬರುವಾಗ ಅಂಥದ್ದೇ ಒಂದು ತಾ. ಕೊಡುವಾಗ ಅವಳಿಗೆ ಏನು ಹೇಳಬೇಕೆಂದು ನೀನೇ ಯೋಚಿಸಿಕೊಂಡು ಬಾ.

ತಂಗಿ