ಮಂಗಳ ಹಿಂದಕ್ಕೆ ಸರಿದ ತಿಂಗಳು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಭಾವನ ಕೈ ಹಿಡಿದುಕೋ ಎಂದರೆ ಕೇಳುವವಳಲ್ಲ ನೀನು. ಅವರ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನು ಇಟ್ಟುಕೊಂಡು ಇವನಿಗೇನು ಬಂತು ಕಾಗದದ ಹುಚ್ಚು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ, ಅಲ್ಲಿಗೆ ಮುಗಿಯಿತು. ಮಾಮೂಲು ಕಾಗದ ಬರೆದರೆ ಭಾವನೇ ಓದಿ ಹೇಳಬೇಕು. ಈ ವಿಷಯ ಅವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಅದಕ್ಕೇ ಚಿಕ್ಕಂದಿನಲ್ಲಿ ನೀನೇ ಕಲಿಸಿದ ಬ್ರೈಲ್ ಚುಕ್ಕಿಗಳನ್ನು ಒಂದೊಂದಾಗಿ ಒತ್ತುತ್ತ ಕೂತಿದ್ದೇನೆ. ಆಗಲೇ ಮೂರು ಹಾಳೆ ಹಾಳಾದವು. ಉಳಿ ಹಿಡಿದ ಕೈಗೆ ಈ ಪುಟ್ಟ ಮೊಳೆ ಒಗ್ಗುತ್ತಿಲ್ಲ. ಕಾಗುಣಿತ ತಪ್ಪಿದ್ದರೆ ನಿನ್ನ ಬೆರಳು ಬೈದುಕೊಂಡೇ ಓದಲಿ.

ಹೋದ ತಿಂಗಳು ನನಗೊಂದು ಹೊಸ ತರಹದ ಕೆಲಸ ಬಂತು. ಮೇಜು, ಬಾಗಿಲು, ಮಂಚ ಮಾಡಿಕೊಂಡಿದ್ದ ಬಡಗಿಗೆ ಆಕಾಶ ಮಾಡಿಕೊಡು ಎಂದರು! ವಸ್ತುಸಂಗ್ರಹಾಲಯಕ್ಕೆ ಬರುವ ಮಕ್ಕಳಿಗೆ, ಹಿಂದಿನ ಕಾಲದ ಖಗೋಳ ಪಂಡಿತರು ಗ್ರಹಗಳ ಓಟವನ್ನು ಹೇಗೆ ವಿವರಿಸುತ್ತಿದ್ದರು ಎಂದು ತೋರಿಸುವ ಮರದ ಯಂತ್ರವಂತೆ. ನಡುವೆ ಅಲುಗಾಡದ ಭೂಮಿ. ಅದರ ಸುತ್ತ ಒಂದು ದೊಡ್ಡ ಚಕ್ರ. ಆ ಚಕ್ರದ ಅಂಚಿನ ಮೇಲೆ ಇನ್ನೊಂದು ಸಣ್ಣ ಚಕ್ರ, ಅದರ ಅಂಚಿನಲ್ಲಿ ಗ್ರಹದ ಬದಲು ಒಂದು ಪೆನ್ಸಿಲ್ ತುಂಡು. ಹಿಡಿ ತಿರುಗಿಸಿದರೆ ಎರಡೂ ಚಕ್ರ ಒಟ್ಟಿಗೆ ತಿರುಗಿ, ಕೆಳಗಿನ ಕಾಗದದ ಮೇಲೆ ಗ್ರಹದ ದಾರಿ ಮೂಡಬೇಕು. ಚಕ್ರಗಳಿಗೆ ಹಲ್ಲು ಕೊರೆದು ಕೂಡಿಸುವುದರೊಳಗೆ ಸಾಕುಬೇಕಾಯಿತು. ಮುಗಿದ ದಿನ ಅಲ್ಲಿಯ ಮೇಲ್ವಿಚಾರಕಿ ನೋಡಲು ಬಂದರು. ನಾನು ಹಿಡಿ ತಿರುಗಿಸಿದೆ. ಗೆರೆ ಮುಂದಕ್ಕೆ ಹೋಯಿತು, ನಿಧಾನವಾಯಿತು, ನಿಂತಿತು, ಹಿಂದಕ್ಕೆ ಬಂದು ಒಂದು ಕುಣಿಕೆ ಸುತ್ತಿ ಮತ್ತೆ ಮುಂದಕ್ಕೆ ಹೊರಟಿತು. ಆಕೆ ಚಪ್ಪಾಳೆ ತಟ್ಟಿ, “ಮಂಗಳ ಹೀಗೇ ಹಿಂದಕ್ಕೆ ಸರಿದ ಹಾಗೆ ಕಾಣುತ್ತೆ. ನಿಜ ಏನಂದ್ರೆ ನಮ್ಮ ಭೂಮಿ ಓಡಿ ಅದನ್ನ ದಾಟಿ ಹೋಗುತ್ತೆ. ಹಿಂದಿನ ಪಂಡಿತರಿಗೆ ಅದು ಗೊತ್ತಿರ್ಲಿಲ್ಲ, ಚಕ್ರದ ಮೇಲೆ ಚಕ್ರ ಕೂರಿಸಿದ್ರು. ಊಹೆ ತಪ್ಪಾದ್ರೂ ಕಣ್ಣಿಗೆ ಕಂಡಿದ್ದನ್ನ ಮಾತ್ರ ಮುಚ್ಚಿಡ್ಲಿಲ್ಲ ನೋಡಿ. ಅನುಕೂಲಕ್ಕೆ ಅಂತ ಗ್ರಹನ ಮುಂದಕ್ಕೆ ತಳ್ಳಿ ಬರ್ಕೊಳ್ಳಲಿಲ್ಲ” ಎಂದರು. ನಾನು ಆ ಕಾಗದ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡೆ. ಆಕೆ ನಗುತ್ತ ಇನ್ನೊಂದು ಹಾಳೆ ತರಿಸಿದರು.

ಯಾಕೆಂದು ನಿನಗೆ ಗೊತ್ತಾಗಿರಬೇಕು. ನಿನಗೆ ಹದಿನಾರು, ನನಗೆ ಹನ್ನೆರಡು. ನಿನ್ನ ಶಾಲೆಯ ಬ್ರೈಲ್ ಪುಸ್ತಕದಲ್ಲಿ ಈ ಚಕ್ರಗಳ ಪಾಠ ಓದಿ, ಗ್ರಹ ಹಿಂದಕ್ಕೆ ಬರುವುದನ್ನು ಮುಟ್ಟಿ ನೋಡಬೇಕೆಂದು ನೀನು ಹಟ ಹಿಡಿದೆ. ಅಪ್ಪ ತನ್ನ ಹೊಲಿಗೆ ಅಂಗಡಿಯಿಂದ ಬಟ್ಟೆ ಹೊದಿಸಿದ ಹಲಗೆಯೊಂದನ್ನು ತಂದುಕೊಟ್ಟ. ನಕ್ಷತ್ರಗಳಿಗೆ ಅಂಗಿಯ ಗುಂಡಿ, ಮಂಗಳಕ್ಕೆ ಗುಂಡುಸೂಜಿ. ನನ್ನ ಕೆಲಸ, ದಿನಾ ಬೆಳಗಿನ ಜಾವ ಮಾಳಿಗೆ ಹತ್ತಿ, ಕೈ ಚಾಚಿ, ಆ ಕೆಂಪು ಚುಕ್ಕಿ ಯಾವ ನಕ್ಷತ್ರಕ್ಕೆ ಎಷ್ಟು ಬೆರಳು ದೂರವಿದೆ ಎಂದು ಅಳೆದು ಬಂದು ನಿನಗೆ ಹೇಳುವುದು. ನೀನು ನನ್ನನ್ನು ಗೂಬೆ ಎಂದು ಕರೆಯಲು ಶುರುಮಾಡಿದ್ದು ಆಗಲೇ. ನಾಲ್ಕು ತಿಂಗಳು ನಾನು ಹೇಳಿದೆ, ನೀನು ಚುಚ್ಚಿದೆ. ಸೂಜಿಗಳ ಸಾಲು ಮುಂದೆ ಮುಂದೆ ಹೋಯಿತು. ಮಂಗಳ ಹಿಂದಕ್ಕೆ ತಿರುಗುತ್ತದೆ ಎಂದು ನಿನ್ನ ಶಾಲೆಯ ಮೇಷ್ಟ್ರು ಹೇಳಿದ್ದ ತಿಂಗಳು ಬಂದರೂ ಸಾಲು ತಿರುಗಲೇ ಇಲ್ಲ.

ಶಾಲೆಯ ಪ್ರದರ್ಶನದ ದಿನ ನೀನು ಹಲಗೆ ಹಿಡಿದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. “ಪುಸ್ತಕ ತಪ್ಪು ಸಾರ್. ಮಂಗಳ ಹಿಂದಕ್ಕೆ ಬರಲೇ ಇಲ್ಲ. ನನ್ನ ತಮ್ಮ ದಿನಾ ನೋಡಿದಾನೆ, ಅವನು ಸುಳ್ಳು ಹೇಳೋದಿಲ್ಲ” ಎಂದೆ. ಬಹುಮಾನ ಕೊಡಲು ಬಂದಿದ್ದ ಆ ದೊಡ್ಡ ಮನುಷ್ಯ, “ಕಾಣದವರು ಕಾಣೋ ವಿಷಯಕ್ಕೆ ಯಾಕಮ್ಮಾ ಕೈ ಹಾಕ್ತೀರಿ?” ಎಂದ. ಕೋಣೆಯೆಲ್ಲ ನಕ್ಕಿತು. ಅವತ್ತು ಸಂಜೆ ನೀನು ಸೂಜಿಗಳನ್ನು ಒಂದೊಂದಾಗಿ ಕಿತ್ತು ಅಪ್ಪನ ಡಬ್ಬಿಗೆ ಹಾಕುತ್ತ, “ನೀನು ಸರಿಯಾಗೇ ಹೇಳಿದ್ದೆ ಕಣೋ, ನನ್ನ ಬೆರಳೇ ಎಲ್ಲೋ ದಾರಿ ತಪ್ಪಿದೆ” ಎಂದೆ. ಮುಂದಿನ ವರ್ಷ ನೀನು ವಿಜ್ಞಾನ ಬಿಟ್ಟೆ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಯಾರ್‍ಯಾರ ಮಾತನ್ನೋ ಯಾರ್‍ಯಾರಿಗೋ ಸೇರಿಸಿದೆ. ಒಂದು ದಿನವೂ ನನ್ನ ಮೇಲೆ ಅನುಮಾನಪಡಲಿಲ್ಲ.

ನಿನ್ನ ಬೆರಳು ದಾರಿ ತಪ್ಪಿರಲಿಲ್ಲ ಅಕ್ಕಾ. ಕೊನೆಯ ಐದು ವಾರ ನಾನು ಮಾಳಿಗೆಗೆ ಹೋಗಲೇ ಇಲ್ಲ. ಚಳಿ, ನಿದ್ದೆ. ಮೆಟ್ಟಿಲ ಮೇಲೆ ಕಂಬಳಿ ಹೊದ್ದು ತೂಕಡಿಸಿ, ಇಳಿದು ಬಂದು ಬಾಯಿಗೆ ಬಂದ ಲೆಕ್ಕ ಹೇಳಿದೆ. ಮೊದಲು ಹೇಗೆ ಹೋಗುತ್ತಿತ್ತೋ ಹಾಗೇ ಮುಂದಕ್ಕೆ. ಹುಡುಗಾಟ ಎಂದು ನನ್ನನ್ನು ನಾನೇ ಎಷ್ಟು ಸಲ ಸಮಾಧಾನ ಮಾಡಿಕೊಂಡೆನೋ. ನಿನಗೆ ಹೇಳಬೇಕೆಂದು ನಿಮ್ಮ ಮನೆಯ ಬಾಗಿಲವರೆಗೆ ಬಂದು, ನೀನು ಬಡಿಸಿದ್ದನ್ನು ಉಂಡು, ಬಾಯಿ ಒರೆಸಿಕೊಂಡು ವಾಪಸು ಹೋದವನು ನಾನು.

ಬೈಯಬೇಕೆನಿಸಿದರೆ ಬೈದುಬಿಡು, ಮಾತು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ ಮುಟ್ಟಿಸು. ನಿನ್ನ ಮಗಳ ತಲೆ ನನ್ನ ಪರವಾಗಿ ಒಮ್ಮೆ ಸವರು. ಮೊಣಕಾಲಿಗೆ ಬಿಸಿನೀರಿನ ಶಾಖ ಮರೆಯಬೇಡ.

ನಿನ್ನ ತಮ್ಮ,
ಗೂಬೆ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆದದ್ದರಲ್ಲೂ ಒಂದು ಸುಳ್ಳಿದೆ. ಹಾಳೆ ಹರಿದು ಮತ್ತೆ ಒತ್ತಲು ಕೂತರೆ ಧೈರ್ಯ ಉಳಿಯುವುದಿಲ್ಲ, ಹಾಗೇ ಕಳಿಸುತ್ತಿದ್ದೇನೆ. ನಾನು ತೂಕಡಿಸಲಿಲ್ಲ. ಒಂದು ದಿನವೂ ಬಿಡದೆ ಮಾಳಿಗೆ ಹತ್ತಿದೆ. ಮಂಗಳ ನಿಂತದ್ದನ್ನು ನೋಡಿದೆ, ನಾಲ್ಕು ಬೆರಳು ಹಿಂದಕ್ಕೆ ಸರಿದದ್ದನ್ನೂ ನೋಡಿದೆ. ಅಪ್ಪ ಬಂದವರಿಗೆಲ್ಲ, “ಇವನಿಗೆ ಎರಡು ಕಣ್ಣಿದ್ದೂ ಏನೂ ಕಾಣೋದಿಲ್ಲ, ಅವಳಿಗೆ ಬೆರಳಲ್ಲೇ ಎಲ್ಲಾ ಕಾಣುತ್ತೆ” ಎನ್ನುತ್ತಿದ್ದನಲ್ಲ. ಒಂದೇ ಒಂದು ಸಲ ನೀನು ಎಲ್ಲರೆದುರು ತಪ್ಪಬೇಕು ಅನಿಸಿತು. ಅವತ್ತು ಆ ಕೋಣೆಯಲ್ಲಿ ಎಲ್ಲರೂ ನಕ್ಕಾಗ ನಾನೂ ನಕ್ಕೆ. ಸಾವಿರ ದನಿಗಳಲ್ಲಿ ನನ್ನದನ್ನು ಗುರುತಿಸುವವಳು ನೀನು. ಅಕ್ಕಾ, ಅವತ್ತು ನಿನಗೆ ಕೇಳಿಸಿತ್ತೇ?