ನಮ್ಮ ಬಾಲಯೇಸುವಿನ ಬಣ್ಣ

ಮೆಕ್ಸಿಕೋ ನಗರ, ಜನವರಿ 9

ಮುದ್ದಿನ ಅಜ್ಜಿ,

ನೀನು ರಿಪೇರಿಗೆ ಕಳಿಸಿದ ಬಾಲಯೇಸು ಕ್ಷೇಮ! ಮುರಿದ ಬೆರಳಿನ ಜಾಗಕ್ಕೆ ಹೊಸದು ಬಂತು. ಬಾಲಯೇಸುವಿನ ಗೊಂಬೆಗಳನ್ನು ರಿಪೇರಿ ಮಾಡುವ ಈ ಬೀದಿ ನೋಡಿದ್ದರೆ ನೀನು ಕುಣಿದುಬಿಡುತ್ತಿದ್ದೆ. ಎಲ್ಲರ ಮಡಿಲಲ್ಲೂ ಒಂದೊಂದು ಬಾಲಯೇಸು. ಒಬ್ಬನಿಗೆ ಡಾಕ್ಟರ್ ಕೋಟು, ಇನ್ನೊಬ್ಬನಿಗೆ ಫುಟ್‌ಬಾಲ್ ಅಂಗಿ. ಯಾರ ಮಗು ಚಂದ ಎಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮಡಿಲನ್ನೇ ತೋರಿಸುತ್ತಾರೆ!

ಆದರೆ ರಿಪೇರಿ ಅಂಗಡಿಯ ಎದುವಿಹೆಸ್ ಅಮ್ಮ ನಮ್ಮವನನ್ನು ನೋಡಿ ಮೂಗು ಮುರಿದಳು. "ಅಯ್ಯೋ ಹುಡುಗಿ, ಇವನಿಗೆ ಸ್ನಾನಾನೇ ಮಾಡಿಸಿಲ್ವಾ? ಇದು ಬಣ್ಣ ಅಲ್ಲ ಕಣೇ, ಧೂಪದ ಮಸಿ. ಒರೆಸಿದ್ರೆ ಒಳಗೆ ಗುಲಾಬಿ ಕೆನ್ನೆ ಇದೆ!" ಎನ್ನುತ್ತಲೇ ಬಟ್ಟೆ ಒದ್ದೆ ಮಾಡಿಕೊಂಡಳು. ನಾನು ಇವನನ್ನು ಎದೆಗವಚಿಕೊಂಡೆ. ನಿನಗೆ ಗುರುತೇ ಸಿಗದ ಮಗುವನ್ನು ತಂದು ಹೇಗೆ ಕೊಡಲಿ?

"ಮುಟ್ಟಬೇಡಿ! ನಮ್ಮಜ್ಜಿ ಇವನನ್ನ 'ನನ್ನ ಕರಿಯ' ಅಂತಾನೇ ಮುದ್ದು ಮಾಡೋದು!" ಎಂದು ಕೂಗಿಬಿಟ್ಟೆ.

ಸಾಲಿನಲ್ಲಿದ್ದ ಒಬ್ಬ ತಾತ, "ಬಿಡೇ ಎದುವಿಹೆಸ್, ನಿನ್ನ ಗಂಡನ್ನೂ ಹಿಂಗೇ ಸೋಪು ಹಚ್ಚಿ ಉಜ್ಜಿ ನೋಡಿದ್ಯಾ?" ಎಂದ. ಬೀದಿಗೆ ಬೀದಿಯೇ ನಕ್ಕಿತು. ಆಕೆಯೂ ನಕ್ಕು ಬಟ್ಟೆಯನ್ನು ಪಕ್ಕಕ್ಕಿಟ್ಟಳು.

ಇವನನ್ನು ಇಷ್ಟು ಚಂದ ಮಾಡಿದ್ದು ಯಾವ ಕಲಾವಿದನೂ ಅಲ್ಲ ಅಜ್ಜಿ, ನಮ್ಮನೆ ಹೊಗೆ!

ನನ್ನ ನೆಗಡಿ ಹೋಯಿತು. ಇವನ ಹೊಸ ಅಂಗಿ ಹೊಲಿದು ಮುಗಿದ ಕೂಡಲೇ, ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ಮೊದಲೇ ಬರುತ್ತೇವೆ, ತಮಾಲೆ ಕಡುಬು ಬೇಯಿಸಿಡು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಹೊಸ ಬೆರಳು ಮಾತ್ರ ಬೆಳ್ಳಗಿದೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮವನ ಬಣ್ಣ ಈ ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದೊಂದನ್ನು ನೀನೇ ಮಾಡಬೇಕು.

ನಿನ್ನ ಇತಾಂದೆವಿ