ನೀಲಿ ಅಂಗಿ

ಮಾರ್ಚ್ ೧೪, ಗುರುವಾರ

ಪತ್ರಿಕೆಯ ಹಳೆಯ ಸಂಪುಟಗಳು ನಾಳೆ ಕಾಗದದ ಗಿರಣಿಗೆ ಹೋಗುತ್ತವೆ. ನಮ್ಮ ಕಚೇರಿಯ ಇಂಗಾಲ ತಗ್ಗಿಸುವ ಯೋಜನೆಯಂತೆ ಅಲ್ಲಿ ನೆನೆದು, ಕರಗಿ, ಹೊಸ ಕಾಗದವಾಗಿ ನಮ್ಮ ಅಚ್ಚಿನ ಯಂತ್ರಕ್ಕೇ ಮರಳುತ್ತವೆ. ಒಪ್ಪಿಗೆಯ ರುಜು ನನ್ನದೇ.

ಮಧ್ಯಾಹ್ನ ಗ್ರಂಥಪಾಲಕಿ ಒಂದು ಸಂಪುಟ ತಂದು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಇಪ್ಪತ್ತೊಂಬತ್ತು ವರ್ಷಗಳ ಹಿಂದಿನ ‘ಕಾಣೆಯಾಗಿದ್ದಾರೆ’ ಪ್ರಕಟಣೆ. ಅಣ್ಣನ ಮುಖ.

“ಕತ್ತರಿಸಿ ಇಟ್ಕೊಳ್ಳಿ ಸಾರ್, ಯಾರ ಗಂಟು ಹೋಗತ್ತೆ?”

“ಬೇಡಮ್ಮ.”

“ಕಲ್ಲೆದೆ ಬಿಡಿ ನಿಮ್ಮದು. ಹೇಗೂ ಸ್ಕ್ಯಾನ್ ಆಗಿದೆ. ಕಾಗದ ಕರಗಿದ್ರೂ ಅಕ್ಷರ ಎಲ್ಲೂ ಹೋಗಲ್ಲ.”

ಅದೇ ಕೊರೆಯುತ್ತಿದೆ. ಆ ಪ್ರಕಟಣೆ ಬರೆದವನು ನಾನು, ಆಗಿನ್ನೂ ಹೊಸ ಉಪಸಂಪಾದಕ. ‘ನೀಲಿ ಅಂಗಿ ಧರಿಸಿದ್ದರು’ ಎಂದು ಬರೆದಿದ್ದೆ. ಅಚ್ಚಾದ ದಿನ ಸಂಜೆ ಆ ನೀಲಿ ಅಂಗಿ ಲಾಂಡ್ರಿಯಿಂದ ಮಡಿಕೆ ಮುರಿಯದೆ ಮನೆಗೆ ಬಂತು. ಅಮ್ಮನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆ. ಸಂಪಾದಕರಿಗೆ ಹೆದರಿ ತಿದ್ದುಪಡಿ ಹಾಕಿಸಲಿಲ್ಲ. ಅಣ್ಣ ಬರಲಿಲ್ಲ.

ಈಗ ಕಣ್ಣು ಮುಚ್ಚಿದರೆ ದೊಡ್ಡದೊಂದು ತೊಟ್ಟಿ. ಶಾಯಿ ಬೂದು ನೊರೆಯಾಗಿ ಕಾಗದವನ್ನು ಬಿಟ್ಟು ಮೇಲೇಳುತ್ತಿದೆ. ಅಣ್ಣ ಅಂಚಿನಲ್ಲಿ ಬಗ್ಗಿ ನಿಧಾನವಾಗಿ ಮುಖ ತೊಳೆಯುತ್ತಿದ್ದಾನೆ. ಎಷ್ಟು ದಿಟ್ಟಿಸಿದರೂ ಅವನ ಅಂಗಿಯ ಬಣ್ಣ ತಿಳಿಯುವುದಿಲ್ಲ.

ತಿದ್ದುಪಡಿಯ ಅಂಕಣ ಈಗ ನನ್ನ ಕೈಯಲ್ಲೇ ಇದೆ. ಆ ಕಾಗದ ಮರಳಿ ಬಂದ ದಿನ ಒಂದು ಸಾಲು ಹಾಕಬಹುದು: ಅಂಗಿ ನೀಲಿಯದಲ್ಲ. ಮತ್ತೆ ಯಾವ ಬಣ್ಣದ್ದು? ಅಮ್ಮನಿಗೆ ನೆನಪಿರುತ್ತದೆ. ಬೆಳಿಗ್ಗೆ ಮಾತ್ರೆ ಕೊಡುವಾಗ ಕೇಳಬೇಕು. ಕೇಳುವ ಮೊದಲು, ಇಷ್ಟು ವರ್ಷ ಬಚ್ಚಿಟ್ಟ ಆ ಅಂಗಿಯನ್ನು ಅವಳ ಮಡಿಲಲ್ಲಿ ಇಡಬೇಕು.